ಕೋಲು ಎತ್ತಿಡುವವನು

ವಾಲ್ಮಿಯೆರಾದ ಒಳಾಂಗಣ, ಜನವರಿ.
ಹೊರಗೆ ಗೌಯಾ ನದಿ ಹೆಪ್ಪುಗಟ್ಟಿದೆ.
ಎತ್ತರ ಜಿಗಿತದಲ್ಲಿ ನನ್ನ ಕೆಲಸ ಇಷ್ಟೇ:
ಬಿದ್ದ ಕೋಲನ್ನು ಎತ್ತಿಡುವುದು,
ಅಲುಗಾಟ ನಿಲ್ಲುವವರೆಗೆ ಕೈ ತಾಗಿಸಿರುವುದು,
ಮಗು ಮಲಗಿದ ತೊಟ್ಟಿಲಿಗೆ ತಾಗಿಸಿದ ಹಾಗೆ.

ವಿಜ್ಮಾ ಗೆದ್ದಾಗಿತ್ತು ಆಗಲೇ.
ಉಳಿದವರು ಮೊಳೆಬೂಟು ಕಳಚಿ, ಚಹಾ ಹೀರುತ್ತ
ಯಾರದೋ ಮದುವೆಯ ಮಾತಿಗಿಳಿದಿದ್ದರು.
ಒಬ್ಬಳಿಗಾಗಿಯೇ ಕೋಲು ಎರಡು ಬೆರಳು ಮೇಲೇರಿತು.

ಮೊದಲ ಸಲ ಹಿಮ್ಮಡಿ ತಾಗಿತು.
ಎರಡನೆಯ ಸಲ ಬೆನ್ನು ಬಿಲ್ಲಾಗಿ ದಾಟಿತು,
ಸೊಂಟ ದಾಟಿತು, ನಾನು ಉಸಿರು ಬಿಟ್ಟೆ.
ಕೋಲು ಯೋಚಿಸಿತು. ಬಿತ್ತು.
ಮೂರನೆಯದರ ಮಾತು ಬೇಡ.

ಈ ಆಟದ ಲೆಕ್ಕವೇ ಹಾಗೆ:
ಸೋತವಳೂ ಬೀಳಿಸಿಯೇ ಮನೆಗೆ ಹೋಗಬೇಕು,
ಗೆದ್ದವಳೂ.

ಪದಕ ಕೊರಳಿಗೆ ಹಾಕಿಸಿಕೊಂಡು ಬಂದಳು.
"ಟಾಲಿಸ್ ಮಾಮ, ಇನ್ನೊಮ್ಮೆ ಇಡ್ತೀರಾ?"
ದೀಪ ಅರ್ಧ ಆರಿಸಿಯಾಗಿತ್ತು.
ನನ್ನ ಬಸ್ಸು ಆರೂ ಹತ್ತಕ್ಕೆ.

ಇಟ್ಟೆ.
ಅವಳು ಓಡಲಿಲ್ಲ. ಅದರಡಿ ಹೋಗಿ ನಿಂತು
ನೆತ್ತಿಗೂ ಕೋಲಿಗೂ ನಡುವಿನ ಸಂದನ್ನು
ಅಂಗೈ ಅಡ್ಡ ಹಿಡಿದು ಅಳೆದಳು.
ನಾಲ್ಕು ಬೆರಳು.
ಆ ಕೈಯನ್ನು ಹಾಗೇ, ಮಡಿಸದೆ,
ಕೋಟಿನ ಜೇಬಿಗಿಳಿಸಿ
ಹೊರಟಳು.