ನಲವತ್ತೆಂಟು

ದುರ್ಗಿಗುಡಿಯ ಟೈರಂಗಡಿ ಮೇಲಿನ ಕೋಣೆಗೆ
ಸಂಜೆ ಏಳೂಕಾಲಿಗೆ ಬೈಟುಗಳು ಬರುತ್ತವೆ,
ಸಾಲಾಗಿ, ಮುಖವಿಲ್ಲದೆ.
ತಾವು ಏನೆಂದು ಅವಕ್ಕೇ ಗೊತ್ತಿಲ್ಲ.
ನಲವತ್ತೆಂಟು ಎಂದರೆ ಯಾರದೋ ವಯಸ್ಸಿರಬಹುದು,
ಮನೆ ನಂಬರಿನ ಬಾಲವಿರಬಹುದು;
ಅಕ್ಷರವೆಂದು ಓದಿದರೆ
ಅದೇ ನಲವತ್ತೆಂಟು ಬರೀ ಸೊನ್ನೆ.
ಯಾವುದೆಂದು ಹೇಳಬೇಕಾದವಳು ನಾನು.
ಅದಕ್ಕೇ ಸಂಬಳ.

ಹೊರಟಿದ್ದು ತೀರ್ಥಹಳ್ಳಿ ಆಚೆಯ ಒಂದು ಉಪಕೇಂದ್ರದಿಂದ.
ದೇವೀರಮ್ಮ, ಒಡೆದ ಗಾಜಿನ ಟ್ಯಾಬಿನಲ್ಲಿ,
ಉಣುಗು ಕಚ್ಚಿ ಊದಿದ ಬೆರಳಲ್ಲೇ ಒತ್ತಿ ಕಳಿಸಿದ್ದು:
ಹೆಸರು, ವಯಸ್ಸು, ಜ್ವರದ ದಿನ, ರಕ್ತದ ಫಲಿತಾಂಶ.
ಸಿಗ್ನಲ್ಲಿಗೆ ಶಾಲೆ ಹಿಂದಿನ ದಿಬ್ಬ ಹತ್ತಬೇಕು.
ಹಾಗಾಗಿ ನಿನ್ನೆಯದು ಇವತ್ತಿನದರ ನಂತರ ಬರುತ್ತದೆ,
ಒಬ್ಬನ ಜ್ವರ ಎರಡು ಸಲ ಬರುತ್ತದೆ.

ಹೋದ ಬೇಸಿಗೆ ಒಂದು ಸಾಲು ಬರೆದಿದ್ದೆ:
ಖಾಲಿ ಇದ್ದರೆ ಸೊನ್ನೆ ಎಂದುಕೋ.
ಕಂಪೈಲರ್ ತೆಪ್ಪಗೆ ಒಪ್ಪಿತು.
ಟೆಸ್ಟುಗಳೆಲ್ಲ ಹಸಿರು.
ಹದಿನೇಳು ಹೆಸರಿನ ಮುಂದೆ ಹದಿನೇಳು ಸೊನ್ನೆ ಕೂತು
ಜಿಲ್ಲಾ ಕಚೇರಿಯ ನಕ್ಷೆಯಲ್ಲಿ ಆ ಊರೂ ಹಸಿರಾಗಿ
ಜೀಪು ಬೇರೆ ದಾರಿಗೆ ತಿರುಗಿತು.

'ಅಲ್ಲ ಮಾರಾಯ್ರೆ, ಇನ್ನೂ ರಕ್ತನೇ ತೆಗ್ದಿಲ್ಲ.
ಸೊನ್ನೆ ಅಂತ ಬರ್ದವರು ಯಾರು?'
ನಾನು ಎನ್ನಲಿಲ್ಲ. ಡಿಕೋಡರ್ ಎಂದೆ.
'ಅದ್ಯಾರು, ಹೊಸದಾಗಿ ಬಂದವರಾ?'

ನೋಡಿದೆ, ಇಲ್ಲ.
ನೋಡಿಲ್ಲ.
ಎರಡರ ಕೊನೆಗೂ ಒಂದೇ 'ಇಲ್ಲ'.
ಅದು ಬಿಡಿಯಾಗಿ ನಿಂತಿದೆಯೋ
ಕ್ರಿಯಾಪದಕ್ಕೆ ಅಂಟಿದೆಯೋ
ಎಂಬಷ್ಟರಲ್ಲಿ ಹದಿನೇಳು ಮಂದಿ.
ಹನ್ನೆರಡನೆಯವನು ದುಗ್ಗಪ್ಪ, ವಯಸ್ಸು ನಲವತ್ತೆಂಟು,
ಮೂರು ದಿನ ಸೊನ್ನೆಯಾಗಿದ್ದ, ಅಷ್ಟರಲ್ಲಿ
ಮೂಗಿನಿಂದ ರಕ್ತ ತಾನೇ ಬಂತು.

ಆ ಸಾಲು ಅಳಿಸಿದ್ದೇನೆ.
ಈಗ ಓದಲಾರದ್ದು, ತುಂಬದ್ದು, ಅರ್ಧ ಬಂದದ್ದು
ಒಂದು ಬೇರೆ ತಟ್ಟೆಗೆ ಬೀಳುತ್ತದೆ, ಕೆಂಪಾಗಿ,
ಯಾರಾದರೂ ಕೇಳುವವರೆಗೆ ಕಾಯುತ್ತದೆ.
ಮೇಲಿನವರಿಗೆ ಕೆಂಪು ಆಗದು.
ವಾರಕ್ಕೊಮ್ಮೆ ಮೀಟಿಂಗಿನಲ್ಲಿ ಕೇಳುತ್ತಾರೆ,
ಇಷ್ಟೊಂದು ಯಾಕೆ, ಏನಾದರೂ ಹಾಕಿ ಮುಚ್ಚಬಾರದೆ?

ಕೆಳಗೆ ಟೈರಂಗಡಿಯ ಹುಡುಗ ಶಟರ್ ಎಳೆಯುತ್ತಿದ್ದಾನೆ.
ಹೊಸ ಸಾಲು ಬಂತು: ಹೆಣ್ಣು, ಒಂಬತ್ತು ವರ್ಷ,
ಜ್ವರದ ಎರಡನೇ ದಿನ,
ಫಲಿತಾಂಶದ ಜಾಗ ಖಾಲಿ.
ಖಾಲಿಯೇ ಬಿಟ್ಟು ಫೋನು ಹಚ್ಚಿದ್ದೇನೆ.
ದೇವೀರಮ್ಮ ಇನ್ನೂ ದಿಬ್ಬದ ಮೇಲೆ
ಇದ್ದಾರೋ ಇಲ್ಲವೋ,
ರಿಂಗಾಗುತ್ತಿದೆ.