ತೂಕದ ಚೀಟಿ

ಅವತ್ತು ಕಬ್ಬಿನ ತೂಕ ನಿಲ್ಲಿಸಿ ಅಂದರು.
ಇಪ್ಪತ್ತಮೂರು ಗಾಡಿ ನಾಲೆಯ ಏರಿತನಕ ಸಾಲು,
ಎತ್ತು ನಿಂತಲ್ಲೇ ಮೆಲುಕು.
ಬೋರಲಿಂಗನ ಟ್ರ್ಯಾಕ್ಟರು ಸಾಲು ತಪ್ಪಿಸಿ ಮುಂದೆ ಬಂತು,
ಟ್ರೈಲರಿನಲ್ಲಿ ನೀಲಿ ಟಾರ್ಪಾಲು, ಅದರಡಿ
ನಿನ್ನೆ ಹನ್ನೊಂದೂಕಾಲಿಗೆ ಆಕಾಶದಲ್ಲಿದ್ದದ್ದು.

ಮಂಡ್ಯದ ಈ ತೂಕದ ಮನೆಯಲ್ಲಿ ಮೂವತ್ತೊಂದು ವರ್ಷ ಕೂತವನು ನಾನು.
ಬಂದದ್ದನ್ನು ತೂಗುವುದು, ಬರೆಯುವುದು.
ಚೀಟಿಯಲ್ಲಿ ರೈತನ ಹೆಸರು, ಊರು, ಮಾಲು.
ಯಾರ ಹೆಸರು ಬರೀಲಿ, ಕೇಳಿದೆ.
ಜೊತೆಗೆ ಬಂದವಳು, ಮೈಸೂರಿನ ಹುಡುಗಿ, ಶಾಹೀನ್ ಅಂತ,
ಅದರ ರೆಕ್ಕೆಯ ಲೆಕ್ಕ ಹಾಕಿದವಳಂತೆ,
ಹಗ್ಗದ ಗಂಟನ್ನೇ ನೋಡುತ್ತಿದ್ದಳು.
ಊರು ಕಾಳಮ್ಮನಕೊಪ್ಪಲು ಎಂದು ಬರೆದೆ, ಬಿದ್ದದ್ದು ಅಲ್ಲಿ.
ಮಾಲು ಖಾಲಿ ಬಿಟ್ಟೆ.

ಬಿದ್ದದ್ದನ್ನು ನಾನು ಕಂಡವನಲ್ಲ. ಕಂಡವರು ಅಂದದ್ದು:
ಮಂಡಕಳ್ಳಿ ಕಡೆಯಿಂದ ಮೂರು ಸಲ ಬಂದು ಹೋಗಿತ್ತಣ್ಣ,
ನಾಕನೇ ಸಲ ಬಾಲ ಒದರ್ಕಳಕ್ಕೆ ಸುರು ಮಾಡ್ತು,
ನಾಯಿ ಕಿವಿ ಒದರ್ಕಂಡಂಗೆ.
ಆಮೇಕೆ ಸದ್ದೇ ಇಲ್ಲ.
ಆಮೇಲೆ ಸದ್ದು ಮಾಡಿದ್ದು ಕಬ್ಬು,
ಹನ್ನೊಂದು ತಿಂಗಳ ಕಬ್ಬು, ಎಕರೆಗಟ್ಟಲೆ
ಒಂದೇ ಉಸಿರಿಗೆ ಮುರಿದದ್ದು.

ಟ್ರೈಲರಿನ ತೂಕ ಕಳೆದು ಏಳುನೂರ ತೊಂಬತ್ತು.
ಅವಳ ಕೈಯಲ್ಲೊಂದು ಪಟ್ಟಿ. ಖಾಲಿ ವಿಮಾನ ಎಂಟುನೂರ ಇಪ್ಪತ್ತು.
ಇಂಧನ ತೊಂಬತ್ತು. ಪೆನ್ಸಿಲಿನಿಂದ ಹೊಡೆದುಹಾಕಿದಳು, ಉರಿದುಹೋಗಿದೆ.
ಹಿಂದಿನ ಸೀಟು, ಮರಳು ಎಪ್ಪತ್ತು.
ಮರಳೇ? ಅಂದೆ.
"ಪರೀಕ್ಷೆ ಮುಗಿಯೋವರೆಗೆ ಅಲ್ಲಿ ಮನುಷ್ಯರನ್ನ ಕೂರಿಸಲ್ಲ."
ಹೊಲದ ಮಣ್ಣಿಗೆ ಸೇರಿದೆ. ಅದನ್ನೂ ಹೊಡೆದಳು.
ಚಾಲಕ, ಎಪ್ಪತ್ತೆರಡು.
ಪೆನ್ಸಿಲು ಅಲ್ಲಿ ನಿಂತಿತು.
"ಉತ್ತಯ್ಯ ಸರ್ ಹೋದ ತಿಂಗಳು ಎಪ್ಪತ್ತನಾಲ್ಕಿದ್ರು.
ಲೆಕ್ಕ ಕೆಡ್ತಿದೆ, ಎರಡು ಕೆಜಿ ಇಳಿಸಿ ಅಂತ ತಮಾಷೆ ಮಾಡಿದ್ದೆ.
ಇಳಿಸಿದ್ರು."

ಎಲ್ಲ ಹೊಡೆದ ಮೇಲೂ ಮೂವತ್ತು ಕೆಜಿ ಸಿಗಲಿಲ್ಲ.
ಕಬ್ಬಿಗಾದರೆ ಮಣ್ಣೆಷ್ಟು ರವದಿಯೆಷ್ಟು ಅಂತ ಕಳೆಯುವುದು ಗೊತ್ತು ನನಗೆ,
ಕೂಡಿಸುವುದನ್ನು ಯಾರೂ ಕಲಿಸಿಲ್ಲ.
"ನಿಮ್ಮ ಯಂತ್ರ ಸರಿಯಾಗಿ ಹೇಳುತ್ತಾ?"
ಹತ್ತು ಕೆಜಿಗಿಂತ ಕಮ್ಮಿಯದು ಇದರ ಕಣ್ಣಿಗೆ ಬೀಳಲ್ಲ ಕಣಮ್ಮ, ಅಂದೆ.
ಇಷ್ಟು ವರ್ಷದಲ್ಲಿ ಮೊದಲ ಸಲ
ಆ ಮಾತು ಹೇಳಲು ನಾಚಿಕೆಯಾಯಿತು.

ರಾತ್ರಿ ಎಂಟಕ್ಕೆ ನಿಂಗಾಜಮ್ಮ ಬಂದಳು,
ಮೊಮ್ಮಗನ ರಟ್ಟೆ ಹಿಡಿದು ಎಳೆದುಕೊಂಡು.
ಟವೆಲ್ಲು ಬಿಚ್ಚಿದಳು: ಬೆರಳು ದಪ್ಪದ ಉಕ್ಕಿನ ಗೂಟ, ನಡುವಿಗೆ ಮುರಿದದ್ದು.
"ನಾಲೆ ದಂಡೇಲಿ ಬಿದ್ದಿತ್ತಂತೆ. ಬುಗುರಿಗೆ ಮೊಳೆ ಆಯ್ತದೆ ಅಂತ ತಂದವ್ನೆ.
ಹೈದನ್ನ ಪೊಲೀಸರಿಗೆ ಹೇಳ್ಬ್ಯಾಡ ಕಣಪ್ಪ."

ಲಾರಿ ನಿಲ್ಲುವ ಹಲಗೆಯ ಮೇಲೆ ಇಟ್ಟು ನೋಡಿದೆ, ಯಾಕೋ.
ಕೆಂಪು ಅಂಕಿ ಅಲುಗಲಿಲ್ಲ. ಸೊನ್ನೆ.
ಎದುರಿನ ಪುಟ್ಟಮಾದುವಿನ ಅಂಗಡಿಗೆ ಒಯ್ದೆ,
ಒಣಮೆಣಸಿನಕಾಯಿ ತೂಗುವ ತಕ್ಕಡಿ:
ನೂರ ನಲವತ್ತು ಗ್ರಾಂ.

ಬೆಳಿಗ್ಗೆ ಶಾಹೀನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.
ಮುರಿದ ಬಾಯಿ ಅರ್ಧ ಹೊಳೆಯುತ್ತಿತ್ತು, ಅರ್ಧ ಮಸಿ.
"ಈ ಕಪ್ಪು ಭಾಗ ಮೊನ್ನೆದಲ್ಲ," ಅಂದಳು,
ಮೆಲ್ಲಗೆ, ಯಾರೋ ಮಲಗಿದ್ದಾರೆ ಅನ್ನುವ ಹಾಗೆ.
ಎಷ್ಟು ದಿನದ್ದು ಅಂತ ನಾನು ಕೇಳಲಿಲ್ಲ.
ಗೂಟವನ್ನು ಕರ್ಚೀಫಿನಲ್ಲಿ ಸುತ್ತಿದಳು,
ಮತ್ತೆ ಬಿಚ್ಚಿದಳು, ಮತ್ತೆ ಸುತ್ತಿದಳು.

ಅವಳು ಹೋದ ಮೇಲೆ ಕಬ್ಬು ಶುರುವಾಯಿತು.
ಬೋರಲಿಂಗ ಮಾಲು ಇಳಿಸಿ ಖಾಲಿ ಟ್ರೈಲರು ತೂಕಕ್ಕೆ ತಂದ,
ಯಾವತ್ತಿಗಿಂತ ಹತ್ತು ಕೆಜಿ ಜಾಸ್ತಿ.
ಎದ್ದು ಹೋಗಿ ಇಣುಕಿದೆ. ತಳದ ಮೂಲೆಯಲ್ಲಿ
ಹೊಳೆಮರಳು, ಗುಡ್ಡೆಯಾಗಿ.
ಗುಡಿಸಕ್ಕೇನ್ಲಾ ನಿಂಗೆ, ಅಂದೆ.
"ಕೈ ಬರ್ನಿಲ್ಲ ಕಣಣ್ಣ," ಅಂದ.