ಚೆಂಡು ಕೊಡು ಅಂದಾಗ

ಹನ್ನೊಂದನೆಯ ಸಲವೂ ಸೋತೆವು, ಅಂದೆ.
'ಸೋತರು' ಅನ್ನು, ನೀನೇನು ಬ್ಯಾಟು ಹಿಡಿದಿದ್ದೆಯಾ,
ಅಂದ ಪಕ್ಕದ ಕುರ್ಚಿಯ ಲಿಯಾನ್ ಗಯೆವ್‌ಸ್ಕಿ.
ಗೆದ್ದ ವರ್ಷ ಅವನ ಬಾಯಲ್ಲೂ 'ಗೆದ್ದೆವು'.
ನನ್ನ ವ್ಯಾಕರಣ ಅಷ್ಟು ಬೇಗ ಮಗ್ಗುಲು ಬದಲಿಸುವುದಿಲ್ಲ.

ಸ್ಯಾಂಡಸ್ಕಿ. ಮೇ ಬಂದರೂ
ಸರೋವರದ ಗಾಳಿಗೆ ಇನ್ನೂ ಹಲ್ಲಿದೆ.
ಮೂರನೆಯ ಬೇಸಿನ ಹಿಂದೆ ನಮ್ಮ ಸಾಲು;
ಕಂಬ ಅಡ್ಡ ಇರುವುದಕ್ಕೆ ಎರಡು ಡಾಲರ್ ಅಗ್ಗ.

ದಿಬ್ಬದ ಮೇಲೆ ಉರ್ದಾನೆಟಾ.
ಮೂವತ್ತೊಂಬತ್ತು ಅಂತ ಕಾರ್ಡಿನಲ್ಲಿದೆ,
ಸರಿಯಾದ ಲೆಕ್ಕ ಮರಕೈಬೊದಲ್ಲಿರುವ ಅವನ ತಾಯಿಗೇ ಗೊತ್ತು.
ಮೊದಲು ಬಂದಾಗ ಇವನ ಚೆಂಡು ಕಾಣುತ್ತಲೇ ಇರಲಿಲ್ಲ,
ಕ್ಯಾಚರನ ಕೈಗವಸಿನಲ್ಲಿ ಸದ್ದು ಮಾತ್ರ
ಒಣ ಸೌದೆ ಸೀಳಿದ ಹಾಗೆ.
ತೊಂಬತ್ತೇಳು ಮೈಲಿ! ಫಲಕ ಹೊಳೆಯುತ್ತಿತ್ತು, ನಾವು ಕಿರುಚುತ್ತಿದ್ದೆವು.
ದೊಡ್ಡ ಲೀಗಿಗೆ ಹೋದ. ಎರಡು ಬೇಸಿಗೆ ಇದ್ದ. ಮರಳಿದ.
ಈಗ ಎಂಬತ್ತಾರು. ಎಂಬತ್ತೈದು.
ಫಲಕಕ್ಕೆ ದಾಕ್ಷಿಣ್ಯವಿಲ್ಲ.

ಎಳೆಯರನ್ನೆಲ್ಲ ಮಾಲೀಕ ಮಾರಿ ಆಯಿತು.
ಕೊಳ್ಳುವವರಿಲ್ಲದೆ ಉಳಿದವನು ಇವನು.
ಪತ್ರಿಕೆಯವರು ಅದನ್ನು ನಿಷ್ಠೆ ಅನ್ನುತ್ತಾರೆ.

ಆದರೂ, ನಾಲ್ಕನೆಯ ಇನಿಂಗ್ಸಿನಲ್ಲಿ ಒಂದು ಚೆಂಡು,
ಬಾಗಿಲವರೆಗೆ ಬಂದು, ಗಂಟೆ ಒತ್ತದೆ
ಪಕ್ಕಕ್ಕೆ ಸರಿದ ಸಾಲಗಾರನ ಹಾಗೆ,
ಇಪ್ಪತ್ತೆರಡರ ಹುಡುಗ ಬರಿಗಾಳಿಗೆ ಬೀಸಿ
ತನಗೆ ತಾನೇ ನಕ್ಕ.
ಉರ್ದಾನೆಟಾ ನಗಲಿಲ್ಲ. ಟೋಪಿ ಎತ್ತಿ ನೆತ್ತಿ ಒರೆಸಿಕೊಂಡ.
ಕೂದಲೆಷ್ಟು ಉಳಿದಿದೆ ಅಂತ ಎಂಟುನೂರು ಮಂದಿಗೆ ಕಂಡಿತು.

ಏಳನೆಯದರಲ್ಲಿ ಎಲ್ಲ ಬೇಸೂ ತುಂಬಿದವು.
ಮ್ಯಾನೇಜರ್ ಹೊರಟ, ವಯಸ್ಸಿನಲ್ಲಿ ಇವನಿಗಿಂತ ಚಿಕ್ಕವನು,
ಸುಣ್ಣದ ಗೆರೆ ತುಳಿಯದೆ ದಾಟಿ, ಅಂಗೈ ಚಾಚಿದ.
ಉರ್ದಾನೆಟಾ ಚೆಂಡನ್ನು ಬೆನ್ನ ಹಿಂದೆ ಸರಿಸಿದ
ಮಗು ಬಿಸ್ಕತ್ತು ಬಚ್ಚಿಟ್ಟ ಹಾಗೆ.

'ಕೊಟ್ಟು ಇಳಿಯಯ್ಯಾ, ಮಾನ ಉಳಿಸು!' ಲಿಯಾನ್ ಕೂಗಿದ.
ನಾನು ಕೂಗಲಿಲ್ಲ.
ನನ್ನ ಚೀಲದಲ್ಲಿ ಎರಡು ವಾರದಿಂದ ಒಂದು ಪತ್ರ,
ಶಾಲಾ ಮಂಡಳಿಯದು.
ಹಳದಿ ಬಸ್ಸು, ಸಂಖ್ಯೆ ನಲವತ್ತಮೂರು, ಇಪ್ಪತ್ತೊಂಬತ್ತು ವರ್ಷ.
ಕಣ್ಣಿನ ಪರೀಕ್ಷೆಯಲ್ಲಿ ಕೊನೆಯ ಎರಡು ಸಾಲು ಊಹಿಸಿದೆ,
ಒಂದಕ್ಷರ ಸರಿಯೂ ಆಯಿತು.
ಚಾವಿ ಶುಕ್ರವಾರದೊಳಗೆ, ವಂದನೆಗಳೊಂದಿಗೆ.

ಅವರದು ತಪ್ಪು ಅಂತ ನಾನೆಲ್ಲಿ ಹೇಳಿದೆ?
ಹಿಂದೆ ಕೂರುವುದು ಮಕ್ಕಳು.
ಕಳೆದ ತಿಂಗಳು ಕೆಂಪು ದೀಪ ಒಂದು ಚೂರು ತಡವಾಗಿ ಹೊತ್ತಿತು.
ದೀಪ ತಡ ಮಾಡುವುದಿಲ್ಲ,
ಗೊತ್ತು.

ದಿಬ್ಬದಿಂದ ಹೋಮ್ ಪ್ಲೇಟಿಗೆ ಅರವತ್ತಡಿ ಆರಂಗುಲ,
ಯಾವ ವಯಸ್ಸಿಗೂ ಅಷ್ಟೇ.
ಅಭಿಮಾನದಿಂದ ಹಟಕ್ಕೆ ಎಷ್ಟು ದೂರ,
ಯಾರೂ ಟೇಪು ಹಿಡಿದಿಲ್ಲ.

ಅಲ್ಲಿ ಏನು ಮಾತಾಯಿತೋ. ಕ್ಯಾಚರ್ ತನ್ನ ಬೂಟು ನೋಡುತ್ತಿದ್ದ.
ಮ್ಯಾನೇಜರ್ ಬರಿಗೈಲಿ ವಾಪಸಾದ.
ಮುಂದಿನ ಚೆಂಡು ಬೇಲಿ ದಾಟಿ, ಪಾರ್ಕಿಂಗ್ ದಾಟಿ,
ಸೀಗಲ್ ಹಕ್ಕಿಗಳ ನಡುವೆ ಎಲ್ಲೋ ಬಿತ್ತು.

ಆಗ ತಾನೇ ಇಳಿದ.
ಕೊಡಲು ಈಗ ಕೈಯಲ್ಲಿ ಚೆಂಡೂ ಇರಲಿಲ್ಲ.
ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು,
ಯಾರದೋ ವಸ್ತು ಮರಳಿಸಲು ಹೊರಟವನಂತೆ ನಡೆದ.
ತಿರುಗಿ ನೋಡಿದರೆ ಲಿಯಾನ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ.
'ಚಳಿ ಕಣೇ, ಕೈ ಬೆಚ್ಚಗಾಗಲಿ ಅಂತ', ಅಂದ.

ಅಂಕಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು
ಪೆನ್ಸಿಲಿನಲ್ಲಿ ಬರೆದುಕೊಂಡೆ: ಹನ್ನೆರಡು.
ಜೇಬಿನಲ್ಲಿ ಚಾವಿ ಮೈಯ ಬಿಸಿಗೆ ಬೆಚ್ಚಗಿತ್ತು.
ನಾಳೆ ಗುರುವಾರ.
ಬಸ್ಸು ಆರೂವರೆಗೆ.